ವೇರಿಯಬಲ್ ಅಂದರೆ ಡಬ್ಬಿ ಅಂತ ಹೇಳಿ ಅಲ್ಲಿಗೇ ನಿಲ್ಲಿಸಬೇಡಿ

ಶ್ರೀನಗರದ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರ ಬೆಳಗ್ಗೆ ಆರೇಳು ಮಕ್ಕಳಿಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಈಗ ಪಿಯುಸಿ, ಡಿಪ್ಲೊಮಾ ಮಾಡುತ್ತಿರುವವರೇ ಜಾಸ್ತಿ. ಒಂದು ದಿನ ಬೋರ್ಡ್ ಮೇಲೆ ಹೀಗೆ ಬರೆದೆ:

ಹಾಲು = 2
ಹಾಲು = ಹಾಲು + 1

ಒಬ್ಬಳು ಕೈ ಎತ್ತಿದಳು. "ಅಕ್ಕಾ, ಇದು ತಪ್ಪಲ್ವಾ? ಎರಡೂ ಕಡೆ ಹಾಲು ಕಳೆದರೆ ಸೊನ್ನೆ ಸಮ ಒಂದು ಅಂತ ಬರುತ್ತೆ."

ಎಷ್ಟು ಒಳ್ಳೆಯ ಪ್ರಶ್ನೆ! ಗಣಿತ ಚೆನ್ನಾಗಿ ಕಲಿತವರಿಗೇ ಇಲ್ಲಿ ತೊಡಕಾಗುತ್ತದೆ. "ಅದು ಹಾಗೇ, ಸುಮ್ನೆ ಬರ್ಕೋ" ಅಂದರೆ ಅವತ್ತಿನಿಂದಲೇ ಉರು ಹೊಡೆಯುವುದು ಶುರು. = ಅನ್ನುವ ಈ ಚಿಹ್ನೆ ಗಣಿತದಲ್ಲಿ 1557ರಿಂದ 'ಸಮ' ಅನ್ನುವುದಕ್ಕೆ ಇದೆ. 1957ರ ಪ್ರೋಗ್ರಾಮಿಂಗ್ ಭಾಷೆ ಫೋರ್ಟ್ರಾನ್ ಅದನ್ನೇ ಬೇರೆ ಕೆಲಸಕ್ಕೆ ಹಚ್ಚಿತು. ಪ್ಯಾಸ್ಕಲ್‌ನಂಥ ಭಾಷೆಗಳು := ಅಂತ ಬರೆದು ಗೊಂದಲ ತಪ್ಪಿಸಿದವು. ಪೈಥಾನ್‌ನಲ್ಲಿ ಸಮವೇ ಅಂತ ಕೇಳುವುದಕ್ಕೆ == ಇದೆ. ಒಂಟಿ = ಕಂಡರೆ ಮೊದಲು ಬಲಗಡೆಯ ಲೆಕ್ಕ ಮುಗಿಸು, ಬಂದದ್ದಕ್ಕೆ ಎಡಗಡೆಯ ಹೆಸರಿಡು. ಇಷ್ಟು ಹೇಳಲು ಐದು ನಿಮಿಷ ಸಾಕು. ಅವಳ ಮುಖ ಅರಳಿತು.

ಡಬ್ಬಿಯ ವಿಷಯಕ್ಕೆ ಬರುತ್ತೇನೆ. ವೇರಿಯಬಲ್ ಒಂದು ಡಬ್ಬಿ, ಒಳಗೆ ಬೆಲೆ ಇರುತ್ತದೆ ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ನಾನೂ ಹೇಳುತ್ತಿದ್ದೆ. ಸಿ ಭಾಷೆಗೆ ಅದು ಒಪ್ಪುತ್ತದೆ. ಪೈಥಾನ್‌ನಲ್ಲಿ ಒಂದು ದಿನ ಕೈಕೊಡುತ್ತದೆ. 'ಅಂಗಡಿ' ಅಂತ ಒಂದು ಪಟ್ಟಿ, ಅದರಲ್ಲಿ ಅಕ್ಕಿ, ಬೇಳೆ. ಆಮೇಲೆ ಮನೆ = ಅಂಗಡಿ ಅಂತ ಬರೆದು, 'ಮನೆ'ಗೆ ಬೆಲ್ಲ ಸೇರಿಸಿ. ಈಗ 'ಅಂಗಡಿ'ಯನ್ನು ಪ್ರಿಂಟ್ ಮಾಡಿದರೆ ಅದರಲ್ಲೂ ಬೆಲ್ಲ! ಡಬ್ಬಿ ಅಂತ ನಂಬಿದ ಮಗುವಿಗೆ ಇದು ಮಾಟವೇ.

ಪೈಥಾನ್‌ನಲ್ಲಿ ವೇರಿಯಬಲ್ ಅನ್ನುವುದು ಹೆಸರು. ಮನೆಯಲ್ಲಿ ಪುಟ್ಟ, ಸ್ಕೂಲಿನಲ್ಲಿ ಪ್ರದೀಪ. ಪುಟ್ಟನ ಕೂದಲು ಕತ್ತರಿಸಿದರೆ ಪ್ರದೀಪನದೂ ಕತ್ತರಿಸಿದ ಹಾಗೆ ಅಲ್ವಾ? ಹಾಲು 2 ಇದ್ದದ್ದು 3 ಆದಾಗ ನಡೆಯುವುದು ಬೇರೆ. 2 ಬದಲಾಗುವುದಿಲ್ಲ, ಹೆಸರು ಎದ್ದು ಹೋಗಿ 3ರ ಹತ್ತಿರ ಕೂರುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಹಾಳೆಯ ಮೇಲೆ ಹೆಸರು ಬರೆದು, ಬಾಣ ಎಳೆದು, ಪ್ರತಿ ಸಾಲಿಗೂ ಬಾಣ ಎಲ್ಲಿಗೆ ಹೋಯಿತು ಅಂತ ಮಕ್ಕಳ ಕೈಯಲ್ಲೇ ತಿದ್ದಿಸಬೇಕು. ಹೋಲಿಕೆ ಕೊಡಿ, ಅದು ಎಲ್ಲಿ ಮುರಿಯುತ್ತದೆ ಅನ್ನುವುದನ್ನೂ ದಯವಿಟ್ಟು ಹೇಳಿ.

ಹಾಲು, ಮನೆ ಅನ್ನುವ ಹೆಸರುಗಳು ಬೋರ್ಡಿಗಷ್ಟೇ ಅಂದುಕೊಳ್ಳಬೇಡಿ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡ ಅಕ್ಷರದಲ್ಲೇ ಟೈಪ್ ಮಾಡಬಹುದು. ಇಫ್, ಫಾರ್‌ನಂಥ ಪೈಥಾನ್‌ನ ಸ್ವಂತ ಪದಗಳು ಮಾತ್ರ ಇಂಗ್ಲಿಷಿನಲ್ಲಿರಬೇಕು. ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ಹೆಸರುಗಳೇ ಬೇಕು, ಗೊತ್ತು. ಲೂಪ್‌ಗೆ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು), ಫಂಕ್ಷನ್‌ಗೆ (ಹೆಸರಿಟ್ಟು ಬೇಕಾದಾಗ ಕರೆಯುವ ಲೆಕ್ಕ) ಹೊಸ ಕನ್ನಡ ಪದ ಹುಟ್ಟಿಸಿ ಅಂತಲೂ ನಾನು ಕೇಳುತ್ತಿಲ್ಲ. ಅರ್ಥ ಆಗುವ ಮೊದಲ ಗಳಿಗೆ ಮಾತ್ರ ಅವರ ಮಾತಿನಲ್ಲಿ ಇರಲಿ.

ಲೂಪ್ ಕಲಿಸಲು ನಾನು ಅಮ್ಮನನ್ನೇ ಕರೆದೆ. "ಹದಿಮೂರರಿಂದ ಏಳು, ಸಂದು ಚುಕ್ಕಿ" ಅಂತ ಅಮ್ಮ ರಂಗೋಲಿ ಪುಡಿಯಲ್ಲಿ ಇಟ್ಟು ತೋರಿಸಿದರು. ನಡುವಿನ ಸಾಲಿಗೆ 13. ಮೇಲೆ ಕೆಳಗೆ ಸಂದಿನಲ್ಲಿ ಒಂದೊಂದೇ ಕಡಿಮೆ ಆಗುತ್ತಾ 7ರವರೆಗೆ. ಸಾಲು ಹೊರಗಿನ ಲೂಪ್, ಚುಕ್ಕಿ ಒಳಗಿನ ಲೂಪ್. ಒಟ್ಟು 127 ಚುಕ್ಕಿ. ಹುಡುಗರ ಪ್ರೋಗ್ರಾಮಿನಲ್ಲಿ 113 ಬಂತು. ನಾನು ಏನೂ ಹೇಳಲಿಲ್ಲ. ನೆಲದ ಮೇಲಿನ ರಂಗೋಲಿ ನೋಡಿ, ಸ್ಕ್ರೀನ್ ನೋಡಿ, ಒಬ್ಬ ಕೂಗಿದ: "ಅಕ್ಕಾ, ಏಳರ ಸಾಲೇ ಇಲ್ಲ, ಮೇಲೂ ಇಲ್ಲ ಕೆಳಗೂ ಇಲ್ಲ!" ಸಂಖ್ಯೆಗಳನ್ನು ಸಾಲಾಗಿ ಕೊಡುವ ರೇಂಜ್‌ಗೆ, 12ರಿಂದ ಇಳಿಯುತ್ತಾ ಎಣಿಸುವಾಗ ಕೊನೆ 7 ಅಂತ ಕೊಟ್ಟರೆ ಅದು 8ಕ್ಕೇ ನಿಲ್ಲುತ್ತದೆ, ಕೊನೆಯ ಸಂಖ್ಯೆಯನ್ನು ಸೇರಿಸುವುದಿಲ್ಲ. ಇದನ್ನು ನಾನು ಹತ್ತು ಸಲ ಹೇಳಿದ್ದರೂ ಅವನಿಗೆ ಇಷ್ಟು ನಾಟುತ್ತಿರಲಿಲ್ಲ.

ಬರುವ ಭಾನುವಾರ ಫಂಕ್ಷನ್. ಇದೇ ಲೆಕ್ಕಕ್ಕೆ ಒಂದು ಹೆಸರಿಟ್ಟು, ಯಾವ ಎರಡು ಸಂಖ್ಯೆ ಕೊಟ್ಟರೂ ಚುಕ್ಕಿ ಎಣಿಸುವ ಹಾಗೆ ಮಾಡಿಸಬೇಕು. ಹದಿನೈದರಿಂದ ಎಂಟಕ್ಕೆ 169 ಬರಬೇಕು ಅಂತ ಅಮ್ಮ ಆಗಲೇ ಬಾಯಿಲೆಕ್ಕ ಮಾಡಿ ಇಟ್ಟುಕೊಂಡಿದ್ದಾರೆ.