ಬೋರ್ಡಿನ ಮೇಲಿನ ಮೆಗಾವ್ಯಾಟ್

ನಮ್ಮ ಬೆಳಗಾವಿ ಕಡೆ ಸಂಬಂಧ ನೋಡುವಾಗ ಹುಡುಗನಿಗೆ ಎಷ್ಟು ಎಕರೆ ಹೊಲ ಎಂದು ಕೇಳುತ್ತಾರೆ. ಎಷ್ಟು ಚೀಲ ಜೋಳ ಬಂತು ಎಂಬ ವಿಚಾರಣೆ ಅಕ್ಷತೆ ಬಿದ್ದ ಮೇಲೆ. ಕಿರು ಜಲವಿದ್ಯುತ್ ಘಟಕದ ಕಥೆಯೂ ಅಷ್ಟೇ. ಬೋರ್ಡಿನ ಮೇಲೆ ಮೆಗಾವ್ಯಾಟ್ ಇರುತ್ತದೆ. ಯುನಿಟ್ ಎಷ್ಟು ಬಂತು ಅಂತ ಕೇಳಿದವನು ಊರಿನ ವೈರಿ.

ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತಾಳೆ. 1887ರಲ್ಲೇ ಅವಳ ಬಲದಿಂದ ನೂಲಿನ ಗಿರಣಿ ತಿರುಗಿತು. ಇದನ್ನು ಹೇಳುವಾಗ ಮೈಕ್ ಹಿಡಿದವರಿಗೆ ಮೈಮೇಲೆ ಬರುತ್ತದೆ: ದೇಶದಲ್ಲೇ ಮೊದಲು, ಏಷ್ಯಾದಲ್ಲೇ ಮೊದಲು! ಚಪ್ಪಾಳೆ ನೋಡಿಕೊಂಡು ಭೂಗೋಳ ಹಿಗ್ಗುತ್ತದೆ.

ಲೆಕ್ಕ ಮಾತ್ರ ಹಿಗ್ಗುವುದಿಲ್ಲ. ಸೆಕೆಂಡಿಗೆ 1,000 ಲೀಟರ್ ನೀರು ಅಷ್ಟೆತ್ತರದಿಂದ ಬಿದ್ದರೆ, ಒಂದಿಷ್ಟೂ ಪೋಲಾಗದಿದ್ದರೂ, ಸಿಗುವುದು ಸುಮಾರು 510 ಕಿಲೋವ್ಯಾಟ್. ಒಂದು ಮೆಗಾವ್ಯಾಟಿನ ಯಂತ್ರ ವರ್ಷಪೂರ್ತಿ ನಿಲ್ಲದೆ ಓಡಿದರೆ 87.6 ಲಕ್ಷ ಯುನಿಟ್. ಭಾಷಣದಲ್ಲಿ ಹಾಗೇ ಓಡುತ್ತದೆ. ಹೊಳೆಯನ್ನು ಒಂದು ಮಾತು ಕೇಳಬೇಕಿತ್ತು, ಅಲ್ವಾ? ಏಪ್ರಿಲ್‌ನಲ್ಲಿ ಹೋಗಿ ನೋಡಿ, ಜಲಪಾತದ ಜಾಗದಲ್ಲಿ ಕರಿ ಬಂಡೆ ಬಿಸಿಲು ಕಾಯಿಸುತ್ತಿರುತ್ತದೆ. ಜನ ತೂಗುಸೇತುವೆ ಮೇಲೆ ನಿಂತು ಆ ಬಂಡೆಯ ಜೊತೆಗೇ ಸೆಲ್ಫಿ ತೆಗೆದುಕೊಂಡು, ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ.

ದೊಡ್ಡವರ ಮನೆಯ ಪಾಡೂ ಬೇರೆಯಲ್ಲ. ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಇದೆ. ಅದೂ ಮಳೆಗಾಲದಲ್ಲಿ ದುಡಿದು ಬೇಸಿಗೆಯಲ್ಲಿ ಸುಮ್ನೆ ಕೂರುತ್ತದೆ. 25 ಮೆಗಾವ್ಯಾಟ್‌ವರೆಗಿನದಕ್ಕೆ ಸರ್ಕಾರದ ಕಾಗದದಲ್ಲಿ 'ಕಿರು' ಎಂದು ಹೆಸರು. ಉದ್ಘಾಟನೆಯ ಪೆಂಡಾಲಿಗೆ ಅಂಥ ಮಿತಿಯೇನೂ ಇಲ್ಲ.

ನಮ್ಮ ಕಾಕಾ ಬೇಸಿಗೆಯಲ್ಲಿ ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಕಬ್ಬಿಗೆ ನೀರು ಬಿಡಲು ಹೋಗುತ್ತಾರೆ. ತ್ರೀ ಫೇಸ್ ಬರುವುದು ಆಗಲೇ, ಹಾವು ಓಡಾಡುವುದೂ ಆಗಲೇ. ಜುಲೈನಲ್ಲಿ ಹೊಳೆ ತುಂಬಿತು. ಟರ್ಬೈನ್ ತಿರುಗಿತು. ಹಗಲಿನಲ್ಲೇ ಕರೆಂಟ್ ಬಂತು. ಕಾಕಾನಿಗೆ ಫೋನ್ ಮಾಡಿ ಈಗಾದರೂ ಖುಷಿನಾ ಎಂದೆ.

"ಹೊಲದಾಗ ಮೊಣಕಾಲ ಮಟ ನೀರು ನಿಂತೈತಿ ತಮ್ಮಾ. ಈಗ ಮೋಟಾರ್ ಚಾಲೂ ಮಾಡಿ ಎಲ್ಲಿಗಿ ಬಿಡ್ಲಿ? ತಿರುಗಿ ಹೊಳಿಗೇ ಬಿಡ್ಲೇನು?"

ಪಕ್ಕದಲ್ಲಿ ಕೂತಿದ್ದ ಪಂಚಾಯ್ತಿ ಮೆಂಬರು ಆ ಮಾತನ್ನು ತಕ್ಷಣ ಬರೆದುಕೊಂಡರಂತೆ. ಎಷ್ಟು ಮೆಗಾವ್ಯಾಟ್ ಆಗಬಹುದು ಎಂದೂ ಕೇಳಿದರಂತೆ.