ಕರೆ ಬಂದಾಗ ನೀವೂ ಪ್ರಶ್ನೆ ಕೇಳಿ

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದ ಮೇಲೆ ಕೈ ಪಳಗಿದ ಹುಡುಗರು ಮೈಕ್ರಾನ್ ಲೆಕ್ಕದಲ್ಲಿ ಅಳತೆ ಹಿಡಿಯುತ್ತಾರೆ. ಅದೇ ಹುಡುಗರು ಬೆಂಗಳೂರಿನಿಂದಲೋ ಪುಣೆಯಿಂದಲೋ ನೇಮಕಾತಿ ಏಜೆನ್ಸಿಯ ಕರೆ ಬಂದರೆ ಪೊಲೀಸ್ ವಿಚಾರಣೆಗೆ ನಿಂತವರಂತೆ ಉತ್ತರಿಸುತ್ತಾರೆ. ನನಗೆ ಇದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಈಗಿನ ಸಂಬಳ, ನೋಟಿಸ್ ಪೀರಿಯಡ್, ಮನೆಯ ವಿಳಾಸ ಎಲ್ಲವನ್ನೂ ಹೇಳಿಬಿಡುತ್ತಾರೆ. ಕರೆ ಮುಗಿದ ಮೇಲೆ "ಯಾವ ಕಂಪನಿಯಪ್ಪಾ?" ಎಂದರೆ, "ಕೇಳಲಿಲ್ಲ ಸರ್."

ಕರೆ ಮಾಡಿದವರು ನಮಗೆ ಉಪಕಾರ ಮಾಡುತ್ತಿಲ್ಲ. ನೀವು ಕೆಲಸಕ್ಕೆ ಸೇರಿದರೆ ಏಜೆನ್ಸಿಗೆ ಕಂಪನಿ ಹಣ ಕೊಡುತ್ತದೆ. ಬಹಳ ಕಡೆ ನಿಮ್ಮ ವಾರ್ಷಿಕ ವೇತನದಲ್ಲಿ ಶೇಕಡಾ ಇಂತಿಷ್ಟು ಎಂಬ ಲೆಕ್ಕದಲ್ಲಿ. ಅವರಿಗೂ ನೀವು ಬೇಕು. ಆದ್ದರಿಂದಲೇ ನಿಮ್ಮಿಂದ ನೋಂದಣಿ ಶುಲ್ಕ, ತರಬೇತಿ ಠೇವಣಿ ಎಂದು ಹಣ ಕೇಳಿದ ತಕ್ಷಣ ಫೋನ್ ಇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಯಂತ್ರ ಓಡುತ್ತಿರುವಾಗ, ಸೂಪರ್‌ವೈಸರ್ ಪಕ್ಕದಲ್ಲಿರುವಾಗ ಕರೆ ಸ್ವೀಕರಿಸಿ ಪಿಸುಗುಟ್ಟಬೇಡಿ. "ಪಾಳಿ ಮುಗಿದ ಮೇಲೆ ನಾನೇ ಮಾತನಾಡುತ್ತೇನೆ, ಕಂಪನಿಯ ಹೆಸರು ಮತ್ತು ಕೆಲಸದ ವಿವರವನ್ನು ಇ-ಮೇಲ್ ಮಾಡಿ" ಎಂದರೆ ಸಾಕು. ನಿಜವಾದ ಕೆಲಸವಿದ್ದವರು ಕಾಯುತ್ತಾರೆ. ಹಿಂದಿಯಲ್ಲಿ ಮಾತು ಶುರುವಾದರೆ ಕನ್ನಡ ಬರುತ್ತದೆಯೇ ಎಂದು ಕೇಳಲು ಸಂಕೋಚವೇಕೆ? ಬಾರದಿದ್ದರೆ ನಿಧಾನವಾಗಿ ಹೇಳಿ ಎನ್ನಿ.

ಸಂಬಳದ ಮಾತಿನಲ್ಲಿ ಮಾತ್ರ ಬಹಳ ಎಚ್ಚರ ಬೇಕು. "ಈಗೆಷ್ಟು ಬರುತ್ತಿದೆ?" ಎಂಬ ಪ್ರಶ್ನೆಗೆ ಮೊದಲು "ಈ ಹುದ್ದೆಗೆ ಎಷ್ಟು ಇಟ್ಟಿದ್ದೀರಿ?" ಎಂದು ಕೇಳಿ. ಇಲ್ಲಿನ ಕಡಿಮೆ ಸಂಬಳ ಹೇಳಿದರೆ ಅದರ ಮೇಲೆ ಸ್ವಲ್ಪ ಸೇರಿಸಿ ಮುಗಿಸುತ್ತಾರೆ. ಬೆಂಗಳೂರಿನ ಬಾಡಿಗೆ ಆ ಲೆಕ್ಕ ಕೇಳುವುದಿಲ್ಲ. ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ವರ್ಷಕ್ಕೆ ಮೂರು ಲಕ್ಷ ಎಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆಂದು ಮನೆಯಲ್ಲಿ ಹೇಳಿಬಿಡಬೇಡಿ. ಮೂಲ ವೇತನ 15,000 ಇದ್ದರೆ, ಶೇ 12ರಂತೆ ನಿಮ್ಮ ಪಾಲಿನ ಪಿಎಫ್ 1,800, ಕಂಪನಿಯ ಪಾಲು 1,800. ಎರಡೂ ಆ ಮೂರು ಲಕ್ಷದೊಳಗೇ ಇದ್ದರೆ ಉಳಿಯುವುದು 21,400. ಗ್ರಾಚ್ಯುಟಿ, ಬೋನಸ್ ಸೇರಿಸಿ ತೋರಿಸಿದ್ದರೆ ಇನ್ನೂ ಕಡಿಮೆ. ನೇಮಕ ಕಂಪನಿಯದೋ ಗುತ್ತಿಗೆದಾರರದೋ ಎಂಬುದನ್ನೂ ಅಂದೇ ಕೇಳಬೇಕು. ಗೇಟಿನ ಮೇಲೆ ದೊಡ್ಡ ಹೆಸರಿದ್ದು, ಸಂಬಳದ ಚೀಟಿಯಲ್ಲಿ ಬೇರೆ ಹೆಸರಿರುವುದು ಸಾಮಾನ್ಯ.

ಇಷ್ಟನ್ನೂ ಕೇಳದೆ ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿ ಬೆಂಗಳೂರಿಗೆ ಹೋದರೆ, ಕಳೆದುಕೊಂಡ ದಿನಗೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ.

ಐಟಿಐ, ಡಿಪ್ಲೊಮಾ ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳಲ್ಲಿ ನನ್ನ ವಿನಂತಿ: ಅಣಕು ಸಂದರ್ಶನ ಮಾಡಿಸುತ್ತೀರಿ, ಸಂತೋಷ. ಫೋನಿನಲ್ಲಿ ಮಾತನಾಡುವ ಅಭ್ಯಾಸಕ್ಕೂ ಒಂದು ತರಗತಿ ಇಡಿ. ಕರೆ ಮಾಡುವವರ ಪಾತ್ರವನ್ನು ನಿಭಾಯಿಸಲು ನಾನು ಬರುತ್ತೇನೆ.