ಕಾರಿನ ಅಡಿಯಲ್ಲೊಂದು ಗೆರಟೆ

ರಬ್ಬರ್ ಮರಕ್ಕೆ ಹಾಲು ಹಿಡಿಯಲು ತೆಂಗಿನ ಗೆರಟೆ ಕಟ್ಟುವುದನ್ನು ನೀವು ನೋಡಿರಬಹುದು. ಕಾರಿನ ಅಡಿಗೆ ಗೆರಟೆ ಇಡುವುದನ್ನು ನೋಡಬೇಕಾದರೆ ನಮ್ಮಲ್ಲಿಗೆ ಬನ್ನಿ, ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ. ಬೆಳಗ್ಗೆ ಆರಕ್ಕೇ ಬಂದರೆ ಒಳ್ಳೆಯದು. ಆ ಹೊತ್ತಿಗೆ ಅಪ್ಪ ಗುಡ್ಡೆಗೆ ಹೋಗಿ ಮರಗಳನ್ನು ನೋಡುತ್ತಾರೆ, ನಾನು ಅಂಗಳದಲ್ಲಿ ಮೊಣಕಾಲೂರಿ ಕಾರನ್ನು ನೋಡುತ್ತೇನೆ. ಆಮೇಲೆ ಚಾ ಕುಡಿಯುತ್ತಾ ಇಬ್ಬರೂ ಲೆಕ್ಕ ಹೇಳಿಕೊಳ್ಳುತ್ತೇವೆ. "ನಿನ್ನದೇ ವಾಸಿ ಮಾರಾಯ" ಅಂತಾರೆ ಅಪ್ಪ. "ರಬ್ಬರ್ ಮರ ಎಲೆ ಉದುರುವಾಗ ರಜೆ ಹಾಕ್ತದೆ, ಮಳೆ ಬಂದರೆ ಪ್ಲಾಸ್ಟಿಕ್ ಕಟ್ಟಬೇಕು. ನಿನ್ನ ಕಾರಿಗೆ ಅದೊಂದೂ ಬೇಡ."

ಸರ್ವೀಸಿಗೆ ಕೊಡುವ ಮೊದಲು ಈ ಕಾರಿನಿಂದ ಒಂದು ತೊಟ್ಟು ಆಯಿಲೂ ಸೋರುತ್ತಿರಲಿಲ್ಲ. ಸೋರಲು ಶುರುವಾದದ್ದು ಸರ್ವೀಸ್ ಆದ ಮೇಲೆ. ಇಷ್ಟು ಸಣ್ಣ ಮಾತನ್ನು ಶೋರೂಮಿನಲ್ಲಿ ಮೂರು ಜನಕ್ಕೆ ಮೂರು ಭಾಷೆಯಲ್ಲಿ ಹೇಳಿದ್ದೇನೆ. ಯಾವ ಶೋರೂಮು, ಯಾವ ಕಂಪೆನಿ ಅಂತ ಕೇಳಬೇಡಿ, ನಿಮ್ಮದೂ ಅದೇ ಆಗಿರಬಹುದು. ಒಬ್ಬ ಹುಡುಗ ಮಾತ್ರ ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು, "ಸರ್ವೀಸ್ ಆಗಿದೆಯಲ್ಲ ಸಾರ್, ಮತ್ತೆಂತದು?" ಅಂದ.

ಸರ್ವೀಸ್ ಆಗಿತ್ತು, ಸುಳ್ಳು ಹೇಳಬಾರದು. ಕಾರು ವಾಪಸ್ ಬಂದ ದಿನ ಮದುಮಗಳ ಹಾಗಿತ್ತು. ಟಯರಿಗೆ ಕಪ್ಪು ಪಾಲಿಶ್, ಕಾಲಡಿಗೆ ಕಾಗದ, ಒಳಗೆ ಲಿಂಬೆಯ ಪರಿಮಳ. ಬಿಲ್ಲು ಎರಡು ಪುಟ, ಒಟ್ಟು 7,860 ರೂಪಾಯಿ. ಅದರಲ್ಲಿ 'ಎಂಜಿನ್ ಡ್ರೆಸ್ಸಿಂಗ್' ಅಂತ ಒಂದು ಸಾಲು. ಏನು ಅಂತ ಕೇಳಿದರೆ, ಬಾನೆಟ್ ಒಳಗಿನ ಪ್ಲಾಸ್ಟಿಕ್ಕು ಮಿರುಗುವ ಹಾಗೆ ಏನೋ ಸವರುವುದಂತೆ. ಬಾನೆಟ್ ಒಳಗೆ ಯಾರು ಇಣುಕುತ್ತಾರೆ ಅಂತ ನಾನು ಕೇಳಲಿಲ್ಲ. ಆಯಿಲಿನ ಹೆಸರು ಝೀರೋ ಡಬ್ಲ್ಯು 20. ಡಬ್ಲ್ಯು ಅಂದರೆ ವಿಂಟರ್, ಕೊರೆಯುವ ಚಳಿಯಲ್ಲೂ ಗಟ್ಟಿಯಾಗದೆ ಹರಿಯುತ್ತದಂತೆ. ಪೆರ್ಲದಲ್ಲಿ ಕೊರೆಯುವ ಚಳಿ ಎಲ್ಲಿಂದ ತರುವುದು? ಅದಿರಲಿ, ಹರಿಯುವ ವಿಷಯದಲ್ಲಿ ಆಯಿಲ್ ಮಾತು ತಪ್ಪಲಿಲ್ಲ. ಎರಡನೇ ಪುಟದ ಕೊನೆಗೆ ಇನ್ನೊಂದು ಸಾಲಿತ್ತು: ಡ್ರೈನ್ ಪ್ಲಗ್ ವಾಷರ್, 1, ರೂಪಾಯಿ 24. ಡ್ರೈನ್ ಪ್ಲಗ್ ಅಂದರೆ ಹಳೇ ಆಯಿಲ್ ಇಳಿಸಲು ಎಂಜಿನ್ನಿನ ಅಡಿಯಲ್ಲಿರುವ ಬೋಲ್ಟು. ಅದರ ಈ ವಾಷರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮರುದಿನ ಅಂಗಳದಲ್ಲಿ ಒಣಗಲು ಹರವಿದ ಅಡಿಕೆಯ ಅಂಚಿಗೆ ಒಂದು ಅಂಗೈಯಗಲ ಎಣ್ಣೆ. ಫೋನು ಮಾಡಿದೆ. "ಕುಳಪ್ಪಮಿಲ್ಲ ಸಾರ್" ಅಂದ ಸರ್ವೀಸ್ ಅಡ್ವೈಸರ್. ತೊಂದರೆಯಿಲ್ಲ ಅಂತ ಅರ್ಥ. ನಮ್ಮ ಕಡೆ ಮಲಯಾಳದ ಈ ಒಂದು ಶಬ್ದ ಕೇಳಿದರೆ ಸಾಕು, ದೊಡ್ಡ ತೊಂದರೆ ಏನೋ ಇದೆ ಅಂತ ಖಾತ್ರಿ. "ಫಿಲ್ಟರ್ ಬಿಚ್ಚುವಾಗ ಚೆಲ್ಲಿದ ಹಳೇ ಆಯಿಲ್ ಅಲ್ಲಿಲ್ಲಿ ಅಂಟಿಕೊಂಡಿರ್ತದೆ, ಎರಡು ದಿನದಲ್ಲಿ ನಿಲ್ತದೆ." ಹಾಗೆ ಆಗುವುದುಂಟು, ಇಲ್ಲ ಅನ್ನುವುದಿಲ್ಲ. ಆದರೆ ಹಳೇ ಆಯಿಲ್ ಕಪ್ಪಗಿರುತ್ತದೆ, ಅಂಗಳದಲ್ಲಿದ್ದದ್ದು ಜೇನಿನ ಬಣ್ಣದ್ದು. ನಿನ್ನೆಯಷ್ಟೇ ದುಡ್ಡು ಕೊಟ್ಟು ತುಂಬಿಸಿದ್ದು.

ಐದನೇ ದಿನವೂ ನಿಲ್ಲಲಿಲ್ಲ, ಕಾರು ಕೊಂಡುಹೋದೆ. ಲಿಫ್ಟಿಗೆ ಏರಿಸಿದರು. ನನ್ನನ್ನು ಗಾಜಿನ ಆಚೆ ಸೋಫಾದಲ್ಲಿ ಕೂರಿಸಿ ಕಾಫಿ ಕೊಟ್ಟರು. ಒಂದು ಗಂಟೆ ಬಿಟ್ಟು ಕಾರು ಮತ್ತೊಮ್ಮೆ ತೊಳೆದುಕೊಂಡು ಬಂತು. ಜಾಬ್ ಕಾರ್ಡಿನಲ್ಲಿ ಬರೆದದ್ದು, ಸೋರಿಕೆ ಕಂಡುಬಂದಿಲ್ಲ. ಅಡಿಯೆಲ್ಲ ಚೆನ್ನಾಗಿ ತೊಳೆದು ಒರೆಸಿದ ಮೇಲೆ ಕಾಣುವುದು ಹೇಗೆ ಮಾರಾಯ್ರೇ? ಕಳ್ಳ ಓಡಿಹೋಗುವಷ್ಟು ಹೊತ್ತು ಶಂಖ ಊದಿ, ಆಮೇಲೆ ಕಳ್ಳನಿಲ್ಲ ಅಂತ ಬರೆದ ಹಾಗೆ.

ನಾನು ಗೆರಟೆಯ ಫೋಟೋ ತೋರಿಸಿದೆ. ಆಗ ಸಿದ್ಧಾಂತ ಬದಲಾಯಿತು. "ಅಂಡರ್‌ಬಾಡಿ ಹಿಟ್ ಆಗಿರಬಹುದು ಸಾರ್. ಯಾವ ರೋಡಲ್ಲಿ ಓಡಿಸ್ತೀರಿ?" ಚೆರ್ಕಳ-ಕಲ್ಲಡ್ಕ ರಸ್ತೆ ಅಂದೆ. ಅವನ ಮುಖದಲ್ಲಿ ನೆಮ್ಮದಿ ಮೂಡಿದ್ದು ಕಂಡೇ ಕಂಡಿತು. ಎಂಥ ಕಾರಿಗೆ ಏನೇ ಆದರೂ ತಪ್ಪನ್ನು ಆ ರಸ್ತೆಯ ಮೇಲೆ ಹಾಕಿದರೆ ಯಾವ ಕೋರ್ಟೂ ಒಪ್ಪೀತು. ಕಲ್ಲು ತಾಗಿದ ಗುರುತು ಎಲ್ಲಿದೆ ತೋರಿಸಿ ಅಂದೆ. "ಒಳಗಿಂದ ತಾಗಿರಬಹುದು" ಅಂದ. ಒಳಗಿಂದ! ಇನ್ನು ಆ ಕಲ್ಲು ಗಡಿಯ ಅಡ್ಕಸ್ಥಳದಿಂದ ಈಚೆಯದೋ ಆಚೆಯದೋ, ಕೇರಳದ್ದೋ ಕರ್ನಾಟಕದ್ದೋ ಅಂತ ಕೇಳುವುದೊಂದು ಬಾಕಿ.

ಹೊರಡುವಾಗ ಸಮಾಧಾನವನ್ನೂ ಹೇಳಿದ. "ಮೀಟರಿನ ಆ ಕೆಂಪು ಲೈಟ್ ಬಂದರೆ ಫೋನ್ ಮಾಡಿ ಸಾರ್." ಗಿಂಡಿಯ ಹಾಗೆ ಇರುತ್ತದಲ್ಲ, ಅದು. ಅಲ್ಲ, ಆ ಗಿಂಡಿ ಆಯಿಲ್ ಕಡಿಮೆಯಾಗುತ್ತಾ ಬಂತು ಅಂತ ಹೇಳುವುದಲ್ಲ, ಆಯಿಲಿನ ಒತ್ತಡವೇ ಬಿದ್ದುಹೋಯಿತು ಅಂತ ಹೇಳುವುದು. ಅದು ಕೆಂಪಗಾದ ಮೇಲೂ ಓಡಿಸಿದರೆ ಎಂಜಿನ್ನಿಗೆ ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಿದ ಹಾಗೆಯೇ. ಆದ್ದರಿಂದ ನಾನು ಗಿಂಡಿಯನ್ನು ನಂಬದೆ ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ಎಳೆದು ನೋಡುತ್ತೇನೆ. ಮೇಲಿನ ಗೀಟಿಗೂ ಕೆಳಗಿನ ಗೀಟಿಗೂ ನಡುವೆ ಸಾಮಾನ್ಯವಾಗಿ ಒಂದು ಲೀಟರಿನಷ್ಟು ಅಂತರ. ವಾರಕ್ಕೊಂದು ಗೆರಟೆಯಂತೆ ಲೆಕ್ಕ ಹಾಕಿಕೊಳ್ಳಿ, ನಾನು ಹಾಕಿಯಾಗಿದೆ.

ಪೇಟೆಯ ಹಳೇ ಮೆಕ್ಯಾನಿಕ್ಕಿಗೆ ತೋರಿಸಿದೆ. ಅವರು ಚೀಲ ಹಾಸಿ ಅಡಿಗೆ ನುಗ್ಗಿದರು, ಎರಡು ನಿಮಿಷ, ಹೊರಗೆ ಬಂದರು. "ವಾಷರ್ ಹಳೇದೇ ಮಾಷ್ಟ್ರೇ. ಚಪ್ಪಟೆಯಾಗಿದೆ." ಆ ವಾಷರ್ ಮೆತ್ತಗಿನ ಲೋಹದ್ದು. ಬೋಲ್ಟು ಬಿಗಿದಾಗ ಜಜ್ಜಿ ಕೂತು ಸಂದು ಮುಚ್ಚುತ್ತದೆ, ಒಮ್ಮೆ ಜಜ್ಜಿದ್ದು ಮತ್ತೆ ಅಷ್ಟು ಚೆನ್ನಾಗಿ ಕೂರುವುದಿಲ್ಲ, ಅದಕ್ಕೇ ಪ್ರತಿ ಸಲ ಹೊಸದು ಹಾಕಬೇಕು. ಅದರ ಹೊಸತನ ಬಿಲ್ಲಿನಲ್ಲಿ ಮಾತ್ರ ಇತ್ತು. ನೀವೇ ಹಾಕಿಬಿಡಿ ಅಂದರೆ ಅವರು ಕೈ ಒರೆಸಿಕೊಂಡರು. "ನಿಮ್ಮದು ವಾರಂಟಿ ಗಾಡಿ. ನಾನು ಮುಟ್ಟಿದರೆ ನಾಳೆ ಎಲ್ಲ ನನ್ನ ತಲೆಗೆ ಕಟ್ತಾರೆ." ಸರಿ ಮಾಡಲು ಗೊತ್ತಿದ್ದವರು ಮುಟ್ಟುವ ಹಾಗಿಲ್ಲ, ಮುಟ್ಟುವವರು ತೊಳೆಯುತ್ತಾರೆ.

ಅಷ್ಟರಲ್ಲಿ ಬಂತು ಆ ಫೋನು. ಕಂಪೆನಿಯ ಹೆಡ್ಡಾಫೀಸಿನಿಂದ, ಮಲಯಾಳದಲ್ಲಿ. ಗಾಡಿ ಕೆ.ಎಲ್. 14 ಅಂದ ಮೇಲೆ ಭಾಷೆ ಮಲಯಾಳ ಅಂತ ಕಂಪ್ಯೂಟರೇ ತೀರ್ಮಾನ ಮಾಡುತ್ತದೆ. ನಮ್ಮ ಸರ್ವೀಸಿಗೆ ಹತ್ತರಲ್ಲಿ ಎಷ್ಟು ಮಾರ್ಕ್ ಕೊಡ್ತೀರಿ? ನಾನು ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಮಾರ್ಕು ಕೊಡುವುದೇ ಕಸುಬು. ಯಾರೂ ಇಷ್ಟು ವಿನಯದಿಂದ ಕೇಳಿದ್ದಿಲ್ಲ. ತೊಳೆದದ್ದಕ್ಕೆ ಎರಡು, ಪರಿಮಳಕ್ಕೆ ಒಂದು, ಕಾಫಿಗೆ ಒಂದು. ನಾಲ್ಕು ಅಂದೆ.

ಅರ್ಧ ಗಂಟೆಯಲ್ಲಿ ಶೋರೂಮಿಗೆ ಜೀವ ಬಂತು! ಆಯಿಲ್ ಸೋರಿದಾಗ ಒಬ್ಬನೂ ಮಾಡದ ಫೋನು ಮಾರ್ಕು ಸೋರಿದ ಕೂಡಲೇ ತಾನಾಗಿ ಬಡಿದುಕೊಳ್ಳತೊಡಗಿತು. ಮೊದಲು ಅಡ್ವೈಸರ್, ಆಮೇಲೆ ಅವನ ಮೇಲಿನವ, ಆಮೇಲೆ 'ಕಸ್ಟಮರ್ ಡಿಲೈಟ್' ಅಂತ ಹುದ್ದೆಯಿರುವ ಒಬ್ಬ ಹೆಣ್ಣುಮಗಳು. "ಸಾರ್, ಒಂಬತ್ತರ ಕೆಳಗೆ ಬಂದರೆ ನಮಗೆ ಫೇಲ್, ಇನ್ಸೆಂಟಿವ್ ಕಟ್" ಅಂದ ಅಡ್ವೈಸರ್. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 30 ಬಂದರೆ ಡಿ ಪ್ಲಸ್, ಹುಡುಗ ಪಾಸು. ಶೋರೂಮಿನಲ್ಲಿ ನೂರಕ್ಕೆ 80 ಬಂದರೂ ಫೇಲಂತೆ. ಇಂಥ ಕಠಿಣ ಪರೀಕ್ಷೆಯಲ್ಲಿ ಬೋಲ್ಟಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ನಗುಮುಖದಿಂದ ಮಾತಾಡಿಸಿದರಾ, ಸಮಯಕ್ಕೆ ಗಾಡಿ ಕೊಟ್ಟರಾ, ತೊಳೆದದ್ದು ತೃಪ್ತಿಯಾ, ಇಷ್ಟೇ. ಯಾವುದಕ್ಕೆ ಮಾರ್ಕಿದೆಯೋ ಮಕ್ಕಳು ಅದನ್ನೇ ಓದುತ್ತಾರೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಪ್ರಶ್ನೆಪತ್ರಿಕೆ ತೆಗೆದವನ ಮೇಲೆ ಇದೆ.

ಮೂರನೇ ದಿನ ಮನೆಗೇ ಒಬ್ಬ ಬಂದ. ಸ್ಪ್ಯಾನರ್ ತಂದಿರಬಹುದು ಅಂತ ಅಂಗಳಕ್ಕಿಳಿದೆ. ತಂದದ್ದು ಒಂದು ಕೀಚೈನು ಮತ್ತು ಅರ್ಧ ಕಿಲೋ ಲಾಡು. "ಮತ್ತೆ ಕಾಲ್ ಬರ್ತದೆ, ಹತ್ತು ಅಂತ ಹೇಳಿಬಿಡಿ ಮಾಷೇ, ಮತ್ತೆ ಎಲ್ಲ ಶರಿಯಾಕ್ಕಾಂ." ಮೊದಲು ಮಾರ್ಕು, ಆಮೇಲೆ ರಿಪೇರಿ. ಹೋಗುವಾಗ ಕಾಲು ಗೆರಟೆಗೆ ತಾಗಿ, "ಇದೆಂತ?" ಅಂತ ಕೇಳಿದ. ಸುಮ್ನೆ ಅಂದೆ.

ನೆರೆಯ ಭಟ್ರು ಕೇಸು ಹಾಕಲು ಹೇಳುತ್ತಿದ್ದಾರೆ. 2019ರ ಗ್ರಾಹಕ ಕಾಯ್ದೆಯಲ್ಲಿ ಸೇವೆಯ ಕೊರತೆಗೆ ದೂರು ಕೊಡಬಹುದು, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು, ಜಿಲ್ಲಾ ಆಯೋಗವೂ ಇದೆ. ಸಾಕ್ಷಿಗೆ ಗೆರಟೆ ಹಾಜರುಪಡಿಸಬಹುದು, ನಂಬರು ಹಾಕಿ. ಮಾಡುತ್ತೇನೋ ಏನೋ. ಆದರೆ ನಾವು ಕಾಸರಗೋಡಿನ ಕನ್ನಡಿಗರು, ಕಾಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನಾವು ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ವಿವಾದದ ಮಹಾಜನ ಆಯೋಗ 1967ರಲ್ಲೇ ಬರೆದುಕೊಟ್ಟಿತು. ಆ ಜಾಬ್ ಕಾರ್ಡು ಇವತ್ತಿಗೂ ಓಪನ್ ಇದೆ. ಅದರ ಮುಂದೆ ನನ್ನ ವಾಷರ್ ಯಾವ ಲೆಕ್ಕ?

ನಿನ್ನೆ ಬೆಳಗ್ಗೆ ಮೊಬೈಲಿಗೆ ಮೆಸೇಜು ಬಂತು. ನಿಮ್ಮ ದೂರು ಪರಿಹಾರವಾಗಿದೆ, ಧನ್ಯವಾದ, ಪರಿಹಾರ ತೃಪ್ತಿಕರವೇ, ಹತ್ತರಲ್ಲಿ ಅಂಕ ಕೊಡಿ. ಅದನ್ನು ಓದುತ್ತಲೇ ಅಂಗಳಕ್ಕಿಳಿದು ಬಗ್ಗಿ ನೋಡಿದೆ. ಗುಡ್ಡೆಯಿಂದ ಅಪ್ಪ ಕೂಗಿದರು.

"ಎಷ್ಟಾಯ್ತು ಇವತ್ತು?"

ಗೆರಟೆ ಅಂಚಿನವರೆಗೆ ತುಂಬಿತ್ತು.

"ಹತ್ತಕ್ಕೆ ಹತ್ತು" ಅಂದೆ.